ಅತ್ತೆಯ ಕೊರಳೇ ಪೇಟೆ ಧಾರಣೆ

ನಮ್ಮ ಕಗ್ಗದಾಸಪುರದ ಹಳೇ ಬೀದಿಯಲ್ಲಿ ಬಂಗಾರದ ರೇಟು ತಿಳಿಯಲು ಮೊಬೈಲು ಬೇಕಿಲ್ಲ, ಪೇಪರೂ ಬೇಕಿಲ್ಲ. ನನ್ನ ಸೋದರತ್ತೆಯ ಕೊರಳು ನೋಡಿದರೆ ಸಾಕು!

ಬಂಗಾರ ಇಳಿದ ವಾರ ಅತ್ತೆ ಹಬ್ಬದ ಗೌರಿಯ ಹಾಗೆ ಹೊಳೆಯುತ್ತಾರೆ. ಎರಡೆಳೆ ಸರ, ಪದಕ, ಜುಮುಕಿ, ಕೈತುಂಬ ಬಳೆ. ಏರಿದ ವಾರ ಎಲ್ಲವೂ ಒಂದೊಂದಾಗಿ ಕಳಚಿ ರಾಗಿ ಡಬ್ಬ ಸೇರುತ್ತವೆ. ಲೋಕವೆಲ್ಲ ಬಂಗಾರ ಏರಿದರೆ ಹಿಗ್ಗುತ್ತದಲ್ಲ, ಇವರಿಗೇಕೆ ಹೀಗೆ ಅನ್ನುತ್ತೀರಾ? ಅತ್ತೆಯ ಲೆಕ್ಕ ಸರಳ. ಬೆಲೆ ಕಡಿಮೆಯಿದ್ದರೆ ಸರಗಳ್ಳನಿಗೆ ಉತ್ಸಾಹವೂ ಕಡಿಮೆ. ಬೆಲೆ ಏರಿದರೆ ಅವನೂ ಟಿವಿ ನೋಡಿಕೊಂಡೇ ಬೈಕು ಹತ್ತುತ್ತಾನೆ!

ಹೀಗಾಗಿ ಶನಿವಾರ ಸಂಜೆ ಟಿವಿಯಲ್ಲಿ ವಾರದ ಪೇಟೆ ಸುದ್ದಿ ಬರುವಾಗ ಆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಒಂದೇ ಒಂದು ಷೇರಿಲ್ಲದ ಅತ್ತೆಗೆ ಸೆನ್ಸೆಕ್ಸ್ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ಷೇರಿನಿಂದ ಓಡಿಬಂದ ದುಡ್ಡು ಬಂಗಾರಕ್ಕೆ ನುಗ್ಗುತ್ತದೆ, ಬಂಗಾರ ಏರುತ್ತದೆ, ಇವರ ಜುಮುಕಿ ಇಳಿಯುತ್ತದೆ. ಸಮುದ್ರದಾಚೆ ಎಲ್ಲೋ ಯುದ್ಧವಾಗಿ ಕಚ್ಚಾತೈಲ ಜಿಗಿದರೆ ಇಲ್ಲಿ ಬಳೆ ಮಾಯ. ಎದುರುಮನೆಯವರು ಮಗಳ ಮದುವೆಗೆ ಒಡವೆ ಕೊಳ್ಳುವ ಮೊದಲು ಕಾಂಪೌಂಡಿನ ಮೇಲಿಂದ ಅತ್ತೆಯ ಕಿವಿಯನ್ನೇ ದಿಟ್ಟಿಸುತ್ತಿದ್ದರು.

ಒಮ್ಮೆ ಏರಿಕೆ ನಿಲ್ಲಲೇ ಇಲ್ಲ. ಅತ್ತೆ ತಾಳಿಯನ್ನೂ ಡಬ್ಬಕ್ಕೆ ಹಾಕಿ ಅರಿಶಿನದ ಕೊಂಬು ಕಟ್ಟಿಕೊಂಡರು. ಮಾವ ಕಂಗಾಲು.

"ನಾನು ಅಡ ಇಟ್ಟು ಕುಡಿದ್ಬಿಟ್ಟೆ ಅಂದ್ಕೊಳ್ತಾರೆ ಕಣೇ ಜನ."

"ಅಂದ್ಕೊಳ್ಳಲಿ ಬಿಡಿ. ಕಳ್ರೂ ಹಂಗೇ ಅಂದ್ಕೊಳ್ತಾರೆ."

ಆಮೇಲೆ ಬೆಳ್ಳಿಯೂ ಏರಿತು, ಕಾಲ್ಗೆಜ್ಜೆಯೂ ಹೋಯಿತು. ಅದರ ಸದ್ದು ಕೇಳಿ ಬೀಡಿ ನಂದಿಸುತ್ತಿದ್ದ ಮಾವ ಆ ವಾರವೆಲ್ಲ ಸಿಕ್ಕಿಬೀಳುತ್ತಲೇ ಇದ್ದರು. ಒಂದು ಗ್ರಾಂ ಕೊಳ್ಳದೆ, ಮಾರದೆ ಬೆಳ್ಳಿಯಲ್ಲಿ ನಷ್ಟ ಕಂಡ ಗಂಡಸು ಅವರೊಬ್ಬರೇ ಇರಬೇಕು!

ಸ್ವಂತ ಮಗನ ಮದುವೆಯೂ ಅಂಥ ವಾರದಲ್ಲೇ ಬಿತ್ತು. ಬೋಳು ಕೊರಳಲ್ಲಿ ಓಡಾಡುತ್ತಿದ್ದ ಅತ್ತೆಯನ್ನು ಬೀಗರ ಕಡೆಯವರೊಬ್ಬರು ಅಡಿಗೆಯವರೆಂದುಕೊಂಡು ಇನ್ನೊಂದು ಸೌಟು ಸಾರು ಕೇಳಿದರು. ಅತ್ತೆ ಬಡಿಸಿಯೂ ಬಂದರು.

ಇನ್ನು ನನ್ನ ವಿಷಯ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಗಲು ಇಂದಿರಾನಗರದ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕಿ, ಸಂಜೆ ಕಾಲೇಜಿಗೆ ಓಡಿ ಓದಿದವಳು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಎರಡನೇ ವರ್ಷ ಫೇಲಾಗಿ, ಇನ್ನು ಸಾಕೆಂದು ಪುಸ್ತಕ ಕಟ್ಟಿಟ್ಟಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. "ಓದೇ. ನೀನು ಡಿಗ್ರಿ ತಗೊಳ್ಳೋ ದಿನ ಎಲ್ಲಾ ಹಾಕ್ಕೊಂಡು ಬರ್ತೀನಿ" ಎಂದರು. ಆ ಮಾತು ಹಿಡಿದುಕೊಂಡೇ ಓದಿದೆ. ಆದರೆ ನಾನು ಪಾಸಾದಂತೆಲ್ಲ ಬಂಗಾರವೂ ಏರಿತು! ಘಟಿಕೋತ್ಸವದ ವಾರವಂತೂ ಹಿಂದೆಂದೂ ಕಾಣದ ಎತ್ತರ. ನಾನು ಬಾಯಿಬಿಟ್ಟು ನೆನಪಿಸಲಿಲ್ಲ. ಮಗನ ಮದುವೆಗೇ ಹಾಕದವರು ನನಗಾಗಿ ಹಾಕುತ್ತಾರೆಯೇ?

ಆ ಬೆಳಿಗ್ಗೆ ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣಕ್ಕೆ ಅತ್ತೆ ನನಗಿಂತ ಮೊದಲೇ ಬಂದು ನಿಂತಿದ್ದರು. ಅಷ್ಟು ಸೆಕೆಯಲ್ಲೂ ತಲೆ, ಕಿವಿ, ಕೊರಳು, ಕೈ ಎಲ್ಲ ಮುಚ್ಚುವಂತೆ ಸೆರಗು ಹೊದ್ದಿದ್ದರು. ಬೋಳು ಕೊರಳು ನನಗೆ ಕಾಣದಿರಲಿ ಎಂದೇ ಇರಬೇಕು. ಮನಸ್ಸು ಪಿಚ್ಚೆಂದಿತು. ತಪಾಸಣೆಯ ಸಾಲಿನಲ್ಲಿ ಮುಂದೆ ಹೋಗಿ ನಿಂತೆ.

ತಪಾಸಣೆಯ ಹೆಂಗಸು ಅತ್ತೆಯನ್ನು ಪರದೆಯೊಳಗೆ ಕರೆದರು. ಕೈಯಲ್ಲಿನ ಯಂತ್ರ ಕೀಂ ಎಂದಿತು. ಮತ್ತೆ ಕೀಂ. ಆಮೇಲೆ ಕೂಗುವುದನ್ನು ನಿಲ್ಲಿಸಲೇ ಇಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಏನಮ್ಮಾ ಇಷ್ಟೊಂದು? ಮನೇಲಿ ಮದ್ವೇನಾ?"

"ಮದ್ವೆಗೆಲ್ಲ ಇಷ್ಟು ಹಾಕಲ್ಲಮ್ಮ ನಾನು. ನಮ್ಮುಡುಗಿ ಡಿಗ್ರಿ ತಗೊಳ್ತಾಳೆ."

ಪರದೆ ಸರಿಸಿ ಹೊರಬಂದ ಅತ್ತೆ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅಷ್ಟು ಜನರ ನಡುವೆ ಗೆಜ್ಜೆ ಸದ್ದು ಮಾಡುತ್ತ ಅವರು ಮುಂದೆ ನಡೆದರು. ಗೌನಿನ ಕವರು ಎದೆಗವಚಿಕೊಂಡು ನಾನು ಹಿಂದೆ.