ಪುಷ್ಕರನ ಚಾರ್ಜರು, ಮಾವಿಂಚುವಡಿನ ಹರತಾಳ

ಪುಷ್ಕರನ ಫೋನ್ ಚಾರ್ಜರನ್ನು ಇಲಿ ಕಡಿದು ಹಾಕಿದ್ದು ಹರತಾಳದ ಹಿಂದಿನ ಸಂಜೆ. ಇಲಿಗೇನು ಗೊತ್ತು ಪಕ್ಷದ ಶಿಸ್ತು! ಪುಷ್ಕರ ಮನೆಯೆಲ್ಲ ತಡಕಾಡಿ, ಹೆಂಡತಿ ವಿಲಾಸಿನಿಯ ತಮ್ಮ ದುಬೈಯಿಂದ ತಂದಿದ್ದ ಕಾಲು ಒತ್ತುವ ಯಂತ್ರವನ್ನು ಅಟ್ಟದಿಂದ ಇಳಿಸಿದ. ಯಂತ್ರ ಸತ್ತು ಎಷ್ಟೋ ಕಾಲವಾಗಿತ್ತು. ಅದರ ಚಾರ್ಜರು ಮಾತ್ರ ಗುಂಡುಕಲ್ಲಿನಂತಿತ್ತು.

“ಅದು ಫೋನಿಂದಲ್ಲ ಕಣ್ರೀ,” ಎಂದಳು ವಿಲಾಸಿನಿ.

“ಪಿನ್ನು ಒಳಗೆ ಹೋಯ್ತಲ್ಲ? ಹೋದ್ಮೇಲೆ ಅದರದ್ದೇ,” ಎಂದು ಪುಷ್ಕರ ಸ್ವಿಚ್ಚು ಒತ್ತಿ ಮಲಗಿಬಿಟ್ಟ.

ಬೆಳಗ್ಗೆ ನೋಡಿದರೆ ಫೋನು ಇಡ್ಲಿಯಂತೆ ಊದಿಕೊಂಡು ಮಲಗಿತ್ತು. ಪರದೆ ಕಪ್ಪು. ಪುಷ್ಕರ ತಲೆ ಮೇಲೆ ಕೈ ಹೊತ್ತು ಕುಳಿತ.

ಫೋನು ಹೋದದ್ದಕ್ಕಲ್ಲ, ಅದರ ಜೊತೆ ಹೋಗಲಿರುವ ಸೀಟಿಗೆ. ಮೀಸೆ ಕಪ್ಪಗಿದ್ದಾಗಿನಿಂದ ಪಕ್ಷದ ಬಾವುಟ ಹೊತ್ತವನು ಅವನು. ಪ್ರತಿ ಚುನಾವಣೆಯಲ್ಲೂ ವಾರ್ಡಿನ ಸೀಟು ಇನ್ಯಾರದೋ ಅಳಿಯನಿಗೋ ಭಾವಮೈದುನನಿಗೋ ಹೋಗುತ್ತಿತ್ತು. ಈ ಸಲ ಜಿಲ್ಲಾ ನಾಯಕ ಸದಾಶಿವನ್ ತಾವೇ ಬಾಯಿಬಿಟ್ಟು ಹೇಳಿದ್ದರು: “ಮಾವಿಂಚುವಡ್ ಜಂಕ್ಷನ್ ಪೂರ್ತಿ ಬಂದ್ ಆಗ್ಬೇಕು ಪುಷ್ಕರಾ. ಮುಚ್ಚಿದ ಬಾಗಿಲುಗಳ ಫೋಟೋ ನನ್ನ ಫೋನಿಗೆ ಬರ್ಬೇಕು. ಬಂದ್ರೆ ಸೀಟು ನಿಂದು.”

ಬೆಳಕು ಹರಿಯುತ್ತಿದ್ದಂತೆ ಪುಷ್ಕರ ಮುಂಡು ಮಡಿಸಿ ಕಟ್ಟಿ, ಬಾವುಟ ಹಿಡಿದು ಜಂಕ್ಷನ್‌ಗೆ ಬಂದ. ಬಂದು ನೋಡಿದರೆ ಔಸೇಪ್ಪಚ್ಚನ್ ತನ್ನ ಚಹಾದಂಗಡಿಯಲ್ಲಿ ಒಲೆಗೆ ಬೆಂಕಿ ಹಾಕುತ್ತಿದ್ದಾನೆ! ದಿನಸಿ ಅಂಗಡಿಯವನೂ ಬೀಗ ತೆಗೆಯುತ್ತಿದ್ದಾನೆ!

“ಮುಚ್ರೋ! ಹರತಾಳದ ದಿನ ಅಂಗಡಿ ತೆಗೀತೀರಾ?”

“ಅಲ್ಲ ಚೇಟ್ಟಾ, ರಾತ್ರಿ...” ಎಂದು ಔಸೇಪ್ಪಚ್ಚನ್ ಬಾಯಿ ತೆರೆದ.

“ರಾತ್ರಿಯೂ ಇಲ್ಲ, ಹಗಲೂ ಇಲ್ಲ. ಮಾತು ಬೇಡ, ಬಾಗಿಲು ಮುಚ್ಚು!”

ಔಸೇಪ್ಪಚ್ಚನ್ ದಿನಸಿಯವನ ಮುಖ ನೋಡಿದ. ಇಬ್ಬರೂ ಹೆಗಲು ಕುಣಿಸಿ ಬಾಗಿಲೆಳೆದರು. ಹಿಂದಿನ ದಿನವೇ ಎಲ್ಲರ ಮನೆಗೂ ಹರತಾಳದ ರಜೆಗೆಂದು ಕೋಳಿ ಬಂದಿತ್ತು, ಕೋಳಿಯ ಪಕ್ಕದಲ್ಲಿ ಕೂರುವ ಬಾಟಲಿಯೂ ಬಂದಿತ್ತು. ಅದನ್ನು ವ್ಯರ್ಥ ಮಾಡುವುದು ಯಾವ ಮಲಯಾಳಿಗೂ ಒಗ್ಗುವ ಮಾತಲ್ಲ.

ಅಷ್ಟರಲ್ಲಿ ಜನ ತುಂಬಿಕೊಂಡು ಒಂದು ಬಸ್ಸು ಬಂತು. ಪುಷ್ಕರ ಹಿಂದುಮುಂದು ನೋಡದೆ ರಸ್ತೆಗೆ ಅಡ್ಡ ಮಲಗಿದ.

ಡ್ರೈವರು ತಲೆ ಹೊರಗೆ ಹಾಕಿದ. “ರೀ, ಬೆಳಗ್ಗೆಯಿಂದ ಫೋನ್ ನೋಡಿಲ್ವಾ?”

“ನನ್ನ ಫೋನು ಸತ್ತಿದೆ! ಬೇಕಾದ್ರೆ ನಾನೂ ಸಾಯ್ತೀನಿ, ಬಸ್ಸು ಮಾತ್ರ ಹೋಗಲ್ಲ!”

ಬಸ್ಸಿನೊಳಗೆ ಗದ್ದಲವೆದ್ದಿತು. ಔಸೇಪ್ಪಚ್ಚನ್ ಡ್ರೈವರನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಡ್ರೈವರು ನಕ್ಕು ಬಸ್ಸು ತಿರುಗಿಸಿದ. ಪುಷ್ಕರ ಮಣ್ಣು ಕೊಡವಿಕೊಂಡು ಎದ್ದ. ಅವನ ಜೀವನದಲ್ಲಿ ಇಂಥ ಪರಿಪೂರ್ಣ ಹರತಾಳ ಆಗಿರಲಿಲ್ಲ. ಆದರೆ ಫೋಟೋ ತೆಗೆಯುವುದು ಹೇಗೆ? ಬೇರೆಯವರ ಫೋನಿಂದ ಕಳಿಸಿದರೆ ಸೀಟು ಆ ಫೋನಿನವನಿಗೇ ಹೋದೀತು!

ಊದಿದ ಫೋನನ್ನು ಚಹಾದಂಗಡಿಯ ಜಗಲಿಯ ಮೇಲಿಟ್ಟದ್ದೇ ತಡ, ಊರೆಲ್ಲ ವೈದ್ಯರಾದರು. ಔಸೇಪ್ಪಚ್ಚನ್ ಸೊಳ್ಳೆ ಬ್ಯಾಟಿನ ಚಾರ್ಜರು ತಂದ. ನಿವೃತ್ತ ಲೈನ್‌ಮನ್ ಗೋಪಾಲನ್ ನಾಯರ್ ಅದನ್ನು ನೋಡಿ ಮೂಗು ಮುರಿದರು.

“ಆ ಕರೆಂಟು ಸೊಳ್ಳೆಗೆ ಸಾಕು. ಸತ್ತ ಫೋನು ಏಳ್ಬೇಕಾದ್ರೆ ಒಂದು ಒದೆ ಕೊಡ್ಬೇಕಪ್ಪಾ, ಒದೆ!”

ಅವರು ಮನೆಯಿಂದ ಔಷಧಿ ಸಿಂಪಡಿಸುವ ಪಂಪಿನ ಚಾರ್ಜರು ತಂದರು. ಅದು ಸಣ್ಣ ಇಟ್ಟಿಗೆಯಷ್ಟಿತ್ತು. ಪಿನ್ನು ಹೊಂದಲಿಲ್ಲ. ಅವರು ಹಲ್ಲಿನಲ್ಲಿ ತಂತಿ ಸುಲಿದು ಹೊಂದಿಸಿಯೇ ಬಿಟ್ಟರು.

ಫೋನು ಎದ್ದಿತು. ಹೊಗೆಯಾಗಿ ಎದ್ದಿತು. ಬಳಿಕ ‘ಟಪ್’ ಎಂದಿತು. ಔಸೇಪ್ಪಚ್ಚನ್ ಇಕ್ಕಳದಲ್ಲಿ ಹಿಡಿದು ಅದನ್ನು ಮರಳಿನ ಬಕೆಟ್ಟಿಗೆ ಎಸೆದ.

“ಈಗ ಕಾಯಿಲೆ ಯಾವುದು ಅಂತ ಗೊತ್ತಾಯ್ತು,” ಎಂದರು ನಾಯರ್.

ಇನ್ನುಳಿದದ್ದು ಒಂದೇ ದಾರಿ, ನವಾಸನ ಮೊಬೈಲ್ ಅಂಗಡಿ. ಅದೂ ಮುಚ್ಚಿತ್ತು. ಹಿಂದಿನ ಹರತಾಳದಲ್ಲಿ ಅರ್ಧ ಬಾಗಿಲು ತೆಗೆದನೆಂದು ಅವನ ಶಟರಿಗೆ ಸಗಣಿ ನೀರು ಎರಚಿದವನು ಇದೇ ಪುಷ್ಕರ. ಈಗ ಅವನೇ ಕೈಮುಗಿದುಕೊಂಡು ನವಾಸನ ಮನೆ ಬಾಗಿಲಲ್ಲಿ ನಿಂತ. ಒಳಗಿನಿಂದ ಬಿರಿಯಾನಿಯ ಪರಿಮಳ ಬರುತ್ತಿತ್ತು.

“ಒಂದು ಫೋನು ಕೊಡು ನವಾಸೇ. ಹಳೇದಾದ್ರೂ ಸರಿ.”

“ಅಯ್ಯೋ, ಹರತಾಳ ಅಲ್ವಾ ಚೇಟ್ಟಾ? ಅಂಗಡಿ ತೆಗೆದ್ರೆ ಜನ ಏನಂತಾರೆ?”

“ತೆಗಿ ಅಂತ ನಾನೇ ಹೇಳ್ತಿದೀನಲ್ಲೋ!”

“ಜೋರಾಗಿ ಹೇಳಿ. ಉಮ್ಮನಿಗೆ ಕೇಳ್ಲಿಲ್ಲ.”

ಪುಷ್ಕರ ಕಣ್ಣು ಮುಚ್ಚಿಕೊಂಡು ಜೋರಾಗಿ ಹೇಳಿದ. ಒಳಗೆ ನವಾಸನ ಮುದಿತಾಯಿ ನಕ್ಕದ್ದು ಕೇಳಿಸಿತು. ಅವಮಾನವಾಯಿತು, ಆದರೂ ಸೀಟು ನೆನೆದು ನುಂಗಿಕೊಂಡ.

ನವಾಸ್ ಅಂಗಡಿಗೆ ಬಂದು ಶಟರನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿದ. ಪುಷ್ಕರ ತೆವಳಿಕೊಂಡು ಒಳಗೆ ಹೋದ, ಫೋನು, ಚಾರ್ಜರು ಮುಂಡಿನ ಮಡಿಕೆಗೆ ಸಿಕ್ಕಿಸಿಕೊಂಡು ತೆವಳಿಕೊಂಡೇ ಹೊರಗೆ ಬಂದ. ತಲೆ ಎತ್ತಿದರೆ ಎದುರಿಗೆ ಬಿಳಿ ಪಂಚೆಯ ಎರಡು ಕಾಲು. ಸದಾಶಿವನ್! ಪಕ್ಕದಲ್ಲಿ ಟೀವಿಯವರ ಕ್ಯಾಮೆರಾ, ಹಿಂದೆ ಔಸೇಪ್ಪಚ್ಚನ್ ಸಮೇತ ಊರ ಜನ.

“ತಪ್ಪಾಯ್ತು ಸಾರ್! ಈ ಅಂಗಡಿ ತೆಗೆಸಿದ್ದು ನಾನೇ. ಇದೊಂದು ಬಿಟ್ರೆ ಊರಲ್ಲಿ ಒಂದು ಕಿಟಕಿಯೂ ತೆರೆದಿಲ್ಲ, ಆಣೆ!”

“ಅದನ್ನೇ ಕೇಳೋಕೆ ಬಂದೆ ಕಣೋ, ಯಾಕೆ ತೆರೆದಿಲ್ಲ?” ನಾಯಕರ ಮೀಸೆ ನಡುಗುತ್ತಿತ್ತು. “ಸರ್ಕಾರ ನಮ್ಮ ಬೇಡಿಕೆ ಒಪ್ಕೊಂಡಿದ್ದಕ್ಕೆ ರಾತ್ರಿಯೇ ಹರತಾಳ ವಾಪಸ್ ತಗೊಂಡಿದೀವಿ. ನಿನ್ನ ಫೋನಿಗೆ ಎಷ್ಟು ಸಲ ಮಾಡ್ಲಿ? ಇಡೀ ಕೇರಳ ತೆರೆದಿದೆ, ನಿನ್ನ ಜಂಕ್ಷನ್ ಒಂದು ಬಿಟ್ಟು! ನೀನು ತಡೆದ ಬಸ್ಸಲ್ಲಿದ್ದೋರು ಯಾರು ಗೊತ್ತಾ? ವಿಜಯೋತ್ಸವಕ್ಕೆ ಬರ್ತಿದ್ದ ನಮ್ಮ ಜನ!”

ಪುಷ್ಕರ ಔಸೇಪ್ಪಚ್ಚನ್ ಕಡೆ ತಿರುಗಿದ. “ಔಸೇಪ್ಪಚ್ಚಾ, ನಿಂಗೆ ಗೊತ್ತಿತ್ತಾ?”

“ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ,” ಎಂದ ಔಸೇಪ್ಪಚ್ಚನ್. “ಆಮೇಲೆ ಕೋಳಿನೂ ಒಲೆ ಮೇಲಿತ್ತು.”

ಕ್ಯಾಮೆರಾ ಹತ್ತಿರ ಬಂತು. ಸದಾಶಿವನ್ ಸುಮ್ಮನೆ ಜಿಲ್ಲಾ ನಾಯಕರಾದವರಲ್ಲ. ಕ್ಷಣದಲ್ಲಿ ಮುಖ ಬದಲಾಯಿಸಿ, ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿ, ನವಾಸನ ಹೆಗಲ ಮೇಲೆ ಕೈ ಹಾಕಿದರು.

“ನೋಡಿ! ಕೆಲವರ ದಬ್ಬಾಳಿಕೆಗೆ ಹೆದರದೆ, ನಮ್ಮ ಪಕ್ಷದ ಮಾತಿನ ಮೇಲೆ ನಂಬಿಕೆಯಿಟ್ಟು ಅಂಗಡಿ ತೆರೆದ ಏಕೈಕ ಧೀರ ಈ ಯುವಕ. ಈ ವಾರ್ಡಿನ ನಮ್ಮ ಅಭ್ಯರ್ಥಿ ಇವರೇ!”

ಊರು ಚಪ್ಪಾಳೆ ತಟ್ಟಿತು. ಗೋಪಾಲನ್ ನಾಯರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಪುಷ್ಕರ ಮಡಿಕೆಯಿಂದ ಫೋನು ತೆಗೆದು ವಾಪಸ್ ಕೊಡಲು ಹೋದ. ನವಾಸ್ ಅವನ ಕೈ ಹಿಡಿದು ಪ್ರೀತಿಯಿಂದಲೇ ಹೇಳಿದ:

“ಇಟ್ಕೊಳ್ಳಿ ಚೇಟ್ಟಾ, ನನ್ನ ಪ್ರಚಾರಕ್ಕೆ ಬೇಕಾಗುತ್ತೆ. ಚಾರ್ಜರು ಮಾತ್ರ ಅದರದ್ದೇ ಹಾಕಿ. ನಾಳೆಯಿಂದ ನಾನು ಕರೆದಾಗ ನಿಮ್ಮ ಫೋನು ಎದ್ದಿರ್ಬೇಕು.”