ಬಾವಿಗಿಳಿದ ಕೈಗಡಿಯಾರ

ಆಗ ನನಗೆ ಇಪ್ಪತ್ತೆರಡು. ಆ ಮಾತಿಗೆ ಐವತ್ತು ವರ್ಷ ಆತು. ಹೆಂಗಸಿಗೆ ಸವತಿ ಬಂದರೆ ಊರ ಹಿರಿಯರು ಕೂತು ನ್ಯಾಯ ಹೇಳುತ್ತಾರೆ. ಸವತಿ ಗಂಡನ ಮಣಿಕಟ್ಟಿನ ಮೇಲೆ ಕೂತು ಟಿಕ್ ಟಿಕ್ ಅಂದರೆ ಯಾರಿಗೆ ಹೇಳಬೇಕು? ನನಗೆ ಬಂದದ್ದು ಅಂಥದ್ದು. ಕರಿ ಮುಖ, ಕತ್ತಲಲ್ಲಿ ಹಸಿರು ಹೊಳೆಯುವ ಮುಳ್ಳು, ಮುಖದ ಸುತ್ತ ತಿರುಗುವ ಒಂದು ಉಕ್ಕಿನ ಬಳೆ.

ಮರೆತು ಸುಖವಾಗಿದ್ದೆ. ಮೊನ್ನೆ ಮುಧೋಳದಿಂದ ಅಳಿಯ ಬಂದು ನೆನಪು ಮಾಡಿದ. ಹೊಸ ಗಡಿಯಾರ ಕಟ್ಟಿದ್ದ. ಇನ್ನೂರು ಮೀಟರ್ ನೀರಿನ ಕೆಳಗೆ ಹೋದರೂ ಅದಕ್ಕೆ ಏನೂ ಆಗುವುದಿಲ್ಲವಂತೆ. ಹಾಗಂತ ಹೇಳಿ, ಊಟಕ್ಕೆ ಚರಗಿಯ ನೀರಲ್ಲಿ ಕೈ ತೊಳೆಯುವಾಗ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡ! “ಯಾಕ್ರಿ ಅಳಿಯಂದ್ರ, ನಮ್ಮ ಚರಗಿ ಅಷ್ಟ ಆಳ ಐತೇನು?” ಎಂದೆ. “ಹೊಸಾದೈತ್ರಿ ಅತ್ತಿ, ಸುಮ್ಮನ ಯಾಕ,” ಅಂದ. ಹೋದ ಮರ್ಯಾದೆ ತರಲು ಅದರ ವಂಶಾವಳಿ ಶುರು ಮಾಡಿದ. ಮೊದಮೊದಲು ಕೈಗಡಿಯಾರಗಳು ನೀರಿಗೆ ಬೆಕ್ಕಿನ ಹಾಗೆ ಅಂಜುತ್ತಿದ್ದವಂತೆ. ಡಬ್ಬಿಯೊಳಗೆ ಡಬ್ಬಿ ಇಟ್ಟು ನೋಡಿದರಂತೆ. ಚಾವಿ ಕೊಡುವ ಗುಂಡಿಯಿಂದ ನೀರು ನುಸುಳುತ್ತದೆಂದು ಅದಕ್ಕೊಂದು ಟೊಪ್ಪಿಗೆ, ಟೊಪ್ಪಿಗೆ ಕಳೆಯಬಾರದೆಂದು ಅದಕ್ಕೊಂದು ಸರಪಳಿ. ಆಮೇಲೆ ಕುಕ್ಕರಿನ ಮುಚ್ಚಳಕ್ಕಿರುವಂಥ ರಬ್ಬರ್. ಆಳ ತಿಳಿಯಲು ಒಂದು ತುದಿ ಮುಚ್ಚಿದ ಸಣ್ಣ ಗಾಜಿನ ಕೊಳವಿಯನ್ನೂ ಕೈಗೆ ಕಟ್ಟುತ್ತಿದ್ದರಂತೆ. ಕೆಳಗೆ ಹೋದಷ್ಟೂ ನೀರು ಗಾಳಿಯನ್ನು ಒತ್ತಿ ಒಳಗೇರುತ್ತದೆ. ಚರಗಿ ಬೋರಲು ಮಾಡಿ ನೀರಿಗೆ ಒತ್ತಿ ಆಡಿದವಳಿಗೆ ಅದರಲ್ಲೇನು ಹೊಸದು? ಹೂಂ ಅನ್ನುತ್ತಾ ರೊಟ್ಟಿ ಬಡಿದೆ.

ನಮ್ಮ ಮನೆಯವರ ಕೆಲಸವೇ ನೀರೊಳಗಿನದು. ಪಂಪಿನ ಪೈಪಿನ ತುದಿಗೆ ಬಾವಿಯ ತಳದಲ್ಲಿ ನೀರು ಹೀರುವ ಫುಟ್‌ವಾಲ್ ಇರುತ್ತದೆ. ಅದಕ್ಕೆ ಪಾಚಿ, ಕಸ ಸಿಕ್ಕಿತೆಂದರೆ ನೀರು ಮೇಲೇರುವುದಿಲ್ಲ. ಆಗ ನಮ್ಮ ಚಿಮ್ಮಡದ ಕಡೆಯ ಯಾವ ಬಾವಿಯಾದರೂ ಇವರನ್ನೇ ಕರೆಯಬೇಕು. ಉಸಿರು ಹಿಡಿದು ಇಳಿದು ಕಸ ಕಿತ್ತು ಬರುತ್ತಿದ್ದರು. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ದಂಡೆಯಲ್ಲಿ ಕೂತ ನನ್ನ ಕೈಯಲ್ಲಿ. ಒಂದು ಸಲ ಜಗ್ಗಿದರೆ ‘ಆರಾಮ ಅದೀನಿ’, ಎರಡು ಸಲ ಜಗ್ಗಿದರೆ ‘ಎಳಿ’. ಮನೆಯಲ್ಲಿ ಇವರು ಮಾತಿಗೆ ಬಲು ಜಿಪುಣ. ನಮ್ಮ ಸಂಸಾರದ ಒಳ್ಳೆಯ ಮಾತುಕತೆ ಆಗಿದ್ದು ಆ ಹಗ್ಗದಲ್ಲೇ.

ಮುಂಬೈ ಬಂದರದಲ್ಲಿ ಹಡಗಿನ ತಳ ನೋಡಲು ಮುಳುಗುತ್ತಿದ್ದ ಇವರ ಸೋದರಮಾವನ ಮಗ ತನ್ನ ಹಳೆಯ ಗಡಿಯಾರ ಕೊಟ್ಟುಹೋದ. ಇಳಿಯುವಾಗ ಬಳೆ ತಿರುಗಿಸಿ ಗುರುತು ಇಟ್ಟುಕೊಳ್ಳಬೇಕು, ಮುಳ್ಳು ಗುರುತಿಗೆ ಬಂದರೆ ಮೇಲೇಳಬೇಕು. ಅದು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡವರಿಗೆ ಬೇಕಾದ ಸಾಮಾನು. ಇವರಿಗೆ ಯಾಕೆ? ಆದರೂ ಮರುದಿನವೇ ಹಗ್ಗ ಗೂಟಕ್ಕೆ ಹಾಕಿ, “ಇನ್ನ ನೀ ಬರೂದ ಬ್ಯಾಡ ನೀಲಿ, ಟೈಮ್ ಇದ ಹೇಳತೈತಿ,” ಎಂದರು. ನನ್ನ ನೌಕರಿ ಹೋಯಿತು.

ನಾಲ್ಕು ದಿನ ಮನೆಯಲ್ಲಿ ಸುಮ್ಮನೆ ಕೂತು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದೆ. ಐದನೆಯ ದಿನ ಬುತ್ತಿಯ ನೆಪ ಮಾಡಿ ಬಾವಿಗೆ ಹೋದೆ. ಬಾವಿಯ ಮಾಲಕ ಬಾಳಪ್ಪ ಬೀಡಿ ಸೇದುತ್ತಾ ಕೂತಿದ್ದ. “ಈಗ ಇಳದಾನ ತಂಗಿ,” ಅಂದ. ಕಾದೆ. ನೀರು ಅಲುಗಲಿಲ್ಲ. ಇನ್ನೂ ಕಾದೆ. ಬಾಳಪ್ಪನ ಬೀಡಿ ಬಾಯಲ್ಲೇ ಆರಿತು. ಜಗ್ಗಲು ಹಗ್ಗವಿಲ್ಲ. ಕಲ್ಲು ತಗೊಂಡು ಪಂಪಿನ ಪೈಪಿಗೆ ಢಣ್ ಢಣ್ ಬಡಿದೆ. ಬಡಿತ ಪೈಪಿನಗುಂಟ ತಳ ಮುಟ್ಟಿರಬೇಕು; ಬುಡಕ್ಕನೆ ತಲೆ ಮೇಲೆ ಬಂತು. ಮುಖ ನೀಲಿ ಅದ್ದಿದ ನೂಲಿನಂತಾಗಿತ್ತು. ದಂಡೆಗೆ ಬಿದ್ದು, ಉಸಿರು ತಿರುಗಿದ ಕೂಡಲೇ ಗಡಿಯಾರ ನೋಡಿ, “ಇನ್ನೂ ಟೈಮ್ ಇತ್ತಲ್ಲ ಬೇ,” ಅಂದರು.

“ಯಾರಿಗಿ ಇತ್ತು? ನಿಮಗೋ, ಯಮಗೋ? ಒಳಗ ಎದಿ ಬಡಕೋತಿತ್ತಲ್ಲ, ಅದರ ಮಾತ ಕೇಳಾಕ ಬರಲಿಲ್ಲೇನು?”

“ಬಾವಿ ಗ್ವಾಡಿಗಿ ಕೈ ತಿಕ್ಕಿತ್ತ. ಈ ಉಕ್ಕಿನ ಬಳಿ ಸರದಿರಬೇಕ,” ಎಂದರು. ಸೋಗು ಮಾಡಬೇಡಿ ಎಂದೆ. ಇವರು ಬದುಕಿರುವತನಕ ನಾನು ನಂಬಲಿಲ್ಲ. ಇವರು ಹೋಗಿ ವರ್ಷಗಳಾದವು. ನೀರಿನಲ್ಲಲ್ಲ, ಒಣ ಹಾಸಿಗೆಯಲ್ಲಿ, ಕೆಮ್ಮಿನಿಂದ.

ಮೊನ್ನೆ ಅಳಿಯ ಊಟ ಮುಗಿಸಿ, ಕೈ ಒರೆಸಿ, ಗಡಿಯಾರ ಮತ್ತೆ ಕಟ್ಟಿಕೊಳ್ಳುತ್ತಾ ಹೇಳಿದ: “ಹಳೇ ಗಡಿಯಾರದಾಗ ಉಕ್ಕಿನ ಬಳಿ ಎರಡೂ ಕಡಿ ತಿರಗತಿದ್ವುರಿ ಅತ್ತಿ. ಏನರ ತಾಗಿ ಸರದ್ರ ಇಲ್ಲದ ಟೈಮ್ ಐತಿ ಅಂತ ತೋರಸತಿದ್ವು. ಈಗಿನವು ಒಂದ ಕಡಿ ತಿರಗತಾವ. ಸರದ್ರೂ ಟೈಮ್ ಕಡಿಮಿನ ತೋರಸತಾವ, ಮನಶಾ ಲಗೂ ಮ್ಯಾಲೆ ಬರತಾನ.” ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ಅಂದರೆ ಇವರು ಹೇಳಿದ್ದು ಖರೆ! ಅಷ್ಟು ವರ್ಷ ಬೈದದ್ದರಲ್ಲಿ ಅರ್ಧ ಆ ಬಳೆಗೆ ಸಲ್ಲಬೇಕಿತ್ತು. ವಾಪಸ್ ತಗೊಳ್ಳೋಣವೆಂದರೆ ಇವರಿಲ್ಲ. ಇದ್ದಿದ್ದರೂ ತಗೊಳ್ಳುತ್ತಿದ್ದೆನೆಂಬ ನಂಬಿಕೆ ನನಗಿಲ್ಲ.

ಪೈಪು ಬಡಿದ ದಿನ ಅಷ್ಟಕ್ಕೇ ಮುಗಿಯಿತು. ಮರುದಿನ ಮುಂಜಾನೆ ಅದೇ ಬಾವಿಗೆ ಇಬ್ಬರೂ ಹೋದೆವು. ಇವರ ಕೈಯಿಂದ ಗಡಿಯಾರ ಬಿಚ್ಚಿದೆ, ಸೊಂಟಕ್ಕೆ ಹಗ್ಗ ಬಿಗಿದೆ, “ಇಳೀರಿ ಇನ್ನ,” ಎಂದೆ. ಆಮೇಲೆ ನನ್ನ ಹಸಿರು ಬಳೆಗಳನ್ನು ಮೇಲೆ ಸರಿಸಿ, ಗಡಿಯಾರವನ್ನು ನಾನೇ ಕಟ್ಟಿಕೊಂಡು, ಬಾಳಪ್ಪನಿಗೆ ಕಾಣುವ ಹಾಗೆ ಕೈ ಚಾಚಿ ಕೂತೆ. “ಟೈಮ್ ಎಷ್ಟಾತು ತಂಗಿ?” ಎಂದು ಕೇಳಿಯೇ ಬಿಟ್ಟ. ಗಡಿಯಾರ ನೋಡಲು ನನಗೆಲ್ಲಿ ಬರುತ್ತಿತ್ತು? ಮುಖ ಬಿಗಿದು, ಬಳೆ ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ತಿರುವಿ, “ಇನ್ನೂ ಐತಿ,” ಎಂದೆ. ಹಗ್ಗವನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡೆ.