ತಿಮ್ಮಯ್ಯನ ಕರಡಿ ಬೇಟೆ

ಐರ್ಲೆಂಡಿನಲ್ಲಿ ಕರಡಿಗಳಿಲ್ಲ. ಆ ಒಂದೇ ಧೈರ್ಯದ ಮೇಲೆ ಡಬ್ಲಿನ್ ಪಕ್ಕದ ಸ್ವೋರ್ಡ್ಸ್ ಎಂಬ ಊರಿನ ತಿಮ್ಮಯ್ಯ, ಊಟಕ್ಕೆ ಕರೆದವರ ಮನೆಯಲ್ಲೆಲ್ಲ ತಾನು ಹಿಂದೆ ಸೋಮವಾರಪೇಟೆಯಲ್ಲಿ ಕರಡಿ ಹೊಡೆದ ಕತೆ ಹೇಳುತ್ತಿದ್ದ. ಕೊಡಗಿನವನೆಂದ ಮೇಲೆ ಕೋವಿ ಹಿಡಿದೇ ಹುಟ್ಟಿರಬೇಕೆಂದು ಜನ ನಂಬುತ್ತಿದ್ದರು. ಪಾಪ, ಅವನು ಕಾಗೆಗೂ ಕಲ್ಲು ಹೊಡೆದವನಲ್ಲ. ಆದರೆ ಹೆಂಡತಿ ಗೀತಾ ತನ್ನನ್ನು ಮೆಚ್ಚಿದ್ದೇ ಈ ಕತೆ ಕೇಳಿ ಎಂದು ಅವನ ನಂಬಿಕೆ. ಹಾಗಾಗಿ ನಿಜ ಬಾಯಿ ಬಿಡುವಂತಿರಲಿಲ್ಲ.

ಹುಟ್ಟುಹಬ್ಬದ ಬೆಳಿಗ್ಗೆ ಗೀತಾ ಉಡುಗೊರೆ ಕೊಟ್ಟಳು: ಕೆನಡಾದಲ್ಲಿ ಕಪ್ಪು ಕರಡಿ ಬೇಟೆ, ಇಬ್ಬರಿಗೂ. ತಿಮ್ಮಯ್ಯ ಬಾಯಿಗಿಡುತ್ತಿದ್ದ ಇಡ್ಲಿಯನ್ನು ತಟ್ಟೆಗೇ ವಾಪಸ್ ಇಟ್ಟ. ತನಗೆ ಲೈಸೆನ್ಸ್ ಇಲ್ಲವಲ್ಲ ಎಂದು ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಶುಭಾಶಯ ಹೇಳಲು ಬಂದ ಪಕ್ಕದ ಮನೆಯ ಅಭಿನಂದನ್ ಬಿಟ್ಟಾನೆಯೇ? ನಿಯಮಗಳನ್ನೆಲ್ಲ ಫೋನಿನಲ್ಲಿ ಓದಿ ಹೇಳಿದ. ಹೊರದೇಶದವರಿಗೆ ಅಲ್ಲಿನ ಗೈಡೇ ಪರ್ಮಿಟ್ ಮಾಡಿಸಿ ಕೋವಿಯನ್ನೂ ಕೊಡುತ್ತಾನಂತೆ. ಮರಿಗಳ ಜೊತೆಗಿರುವ ತಾಯಿಯನ್ನು ಹೊಡೆಯುವಂತಿಲ್ಲ. ಕರಡಿಯ ಮೂಗು ಬಲು ಚುರುಕು, ಮೈಯಿಂದ ಸೋಪು, ಕೊಬ್ಬರಿ ಎಣ್ಣೆಯ ವಾಸನೆ ಬರಬಾರದು. ಸಿಹಿತಿಂಡಿ ಆಮಿಷವಿಟ್ಟು ಮರದ ಮೇಲಿನ ಅಟ್ಟಣೆಯಲ್ಲಿ ಉಸಿರು ಬಿಗಿಹಿಡಿದು ಕೂರಬೇಕು.

"ಇವತ್ತೇ ಪ್ರಾಕ್ಟೀಸ್ ಮಾಡ್ಬಿಡಿ ಅಣ್ಣಾ," ಎಂದ ಅಭಿನಂದನ್.

ಮಧ್ಯಾಹ್ನದ ಹೊತ್ತಿಗೆ ತಿಮ್ಮಯ್ಯ ಸ್ನಾನವಿಲ್ಲದೆ ಹಿತ್ತಲಿನ ಹಳೆಯ ಸೇಬಿನ ಮರದಲ್ಲಿದ್ದ. ಕೆಳಗೆ ಬಕೆಟ್ಟಿನಲ್ಲಿ ತಂಗಳು ಡೋನಟ್. ಏಣಿ ಇದ್ದರೆ ಅಭ್ಯಾಸ ಸರಿಯಾಗದೆಂದು ಅಭಿನಂದನ್ ಅದನ್ನು ತೆಗೆದಿಟ್ಟು ಮನೆಗೆ ಹೋದ.

ಆಮಿಷಕ್ಕೆ ಬಂದದ್ದು ಹಿಂದಿನ ಮನೆಯ ಮೇರಿ ಅಜ್ಜಿಯ ಕರಿನಾಯಿ. ಡೋನಟ್ ಮುಗಿಸಿ, ಇನ್ನೂ ಮೇಲಿದೆಯೇನೋ ಎಂದು ಮರಕ್ಕೆ ಮುಂಗಾಲು ಕೊಟ್ಟು ನಿಂತಿತು. ತಿಮ್ಮಯ್ಯ ಇನ್ನೊಂದು ಕೊಂಬೆ ಏರಿದ. ನಾಯಿ ಏನೂ ಮಾಡುವುದಿಲ್ಲ, ನೀನಲ್ಲಿ 'ಗ್ರಾಂಡ್' ಆಗಿದ್ದೀಯ, ಅಂದರೆ ಐರಿಶ್ ಲೆಕ್ಕದಲ್ಲಿ ಆರಾಮಾಗಿದ್ದೀಯ, ಎಂದು ಬೇಲಿಯಾಚೆಯಿಂದ ಸಮಾಧಾನ ಹೇಳಿ ಅಜ್ಜಿ ಚಹಾ ಕುಡಿಯಲು ಒಳಗೆ ಹೋದಳು. ಮಳೆ ಶುರುವಾಯಿತು.

ಗೀತಾ ನಾಯಿಯನ್ನು ಓಡಿಸಿ, ಏಣಿಯಿಟ್ಟು, ಕೊಡೆ ಹಿಡಿದುಕೊಂಡೇ ಮರ ಹತ್ತಿ ಪಕ್ಕದಲ್ಲಿ ಕೂತಳು. ಅವಳ ಮುಖ ನೋಡಿದ ಮೇಲೆ ತಿಮ್ಮಯ್ಯನ ಹೊಟ್ಟೆಯಲ್ಲಿ ಸುಳ್ಳು ನಿಲ್ಲಲಿಲ್ಲ.

"ನಾನು ಯಾವತ್ತೂ ಕೋವಿ ಮುಟ್ಟಿಲ್ಲ ಕಣೇ. ಆ ಕತೆ ಪೂರ್ತಿ ಸುಳ್ಳು."

"ಗೊತ್ತು ಕಣ್ರೀ. ಮದ್ವೆಯಾದ ವಾರವೇ ಜಿರಳೆ ಹೊಡೆಯೋಕೆ ನನ್ನನ್ನ ಕರೆದ್ರಲ್ಲ."

"ಮತ್ತೆ ಯಾಕೆ ಬುಕ್ ಮಾಡ್ದೆ?"

ಗೀತಾ ಕೊಡೆಯನ್ನು ಅವನ ಕಡೆ ವಾಲಿಸಿದಳು. ಅಟ್ಟಣೆಯಲ್ಲಿ ಫೋನ್ ಆಫ್ ಮಾಡಿ ಸಂಜೆಯವರೆಗೂ ಅಲುಗದೆ ಕೂರಬೇಕೆಂಬ ನಿಯಮ ಓದಿದಾಗ ಅವಳಿಗೆ ಆಸೆಯಾಗಿತ್ತಂತೆ. "ಲ್ಯಾಪ್‌ಟಾಪ್ ಇಲ್ದೆ ನನ್ನ ಪಕ್ಕ ಒಂದು ಗಂಟೆ ಯಾವತ್ತಾದ್ರೂ ಕೂತಿದ್ದೀರಾ?"

ತಿಮ್ಮಯ್ಯನ ಕಣ್ಣು ತುಂಬಿತು. ಎಂಥ ಹೆಂಡತಿ, ಎಂಥ ದಡ್ಡ ತಾನು. ಒದ್ದೆ ಕೈಯಲ್ಲೇ ಅವಳ ಕೈ ಹಿಡಿದು, ಇನ್ನು ದಿನಾ ಕೂರುತ್ತೇನೆ, ಬೇಟೆ ಮಾತ್ರ ಬೇಡ, ಪಾಪದ ಕರಡಿ ಬದುಕಿಕೊಳ್ಳಲಿ ಎಂದ.

"ನೀವು ಮರದಲ್ಲಿ ನಡುಗೋದು ಕಿಟಕಿಯಿಂದ ನೋಡ್ದೆ. ಆಗ್ಲೇ ಗೈಡಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿಸ್ದೆ," ಎಂದು ಅವನ ಭುಜಕ್ಕೆ ಒರಗಿದಳು.

ತಿಮ್ಮಯ್ಯ ನೆಮ್ಮದಿಯ ಉಸಿರು ಬಿಟ್ಟ.

"ಕೋವಿ ಒಂದನ್ನ ಮಾತ್ರ," ಎಂದಳು ಗೀತಾ. "ಅಟ್ಟಣೆ, ಆಮಿಷ, ಕರಡಿ ಎಲ್ಲಾ ಇರುತ್ತೆ. ಸುಮ್ನೆ ನೋಡ್ತಾ ಕೂರೋಣ."

ತಿಮ್ಮಯ್ಯ ಮರದ ಕಾಂಡವನ್ನು ಬುಡದವರೆಗೂ ಒಮ್ಮೆ ಅಳೆದು ನೋಡಿದ.

"ಗೀತಾ, ಆ ಕರಡಿ ಮರ ಹತ್ತುತ್ತಾ?"

"ನಿಮಗಿಂತ ಚೆನ್ನಾಗಿ."